ಮಗನ ಒಂದು ಬೀಜ ಇನ್ನೂ ಕೆಳಗೆ ಇಳಿದಿಲ್ಲ, ಸ್ಕ್ಯಾನಿನಲ್ಲೂ ಕಾಣಲಿಲ್ಲ. ಸರ್ಜನ್ ಏನು ನೋಡ್ತಾರೆ?

ಹಾಸನದ_ಅಪ್ಪ
ನಮಸ್ಕಾರ. ಸ್ವಲ್ಪ ಮುಜುಗರದ ವಿಷಯ, ಆದರೆ ಮನೆಯಲ್ಲಿ ಮೂರು ದಿನದಿಂದ ಇದೇ ಮಾತು. ಅದಕ್ಕೇ ಕೇಳ್ತಾ ಇದ್ದೇನೆ.

ನಮ್ಮ ಹುಡುಗನಿಗೆ ಈಗ 11 ತಿಂಗಳು. ಐದು ವಾರ ಮುಂಚೆ ಹುಟ್ಟಿದವನು. ಹುಟ್ಟಿದಾಗಲೇ ಡಿಸ್ಚಾರ್ಜ್ ಚೀಟಿಯಲ್ಲಿ ‘ಎಡ ವೃಷಣ ಇಳಿದಿಲ್ಲ, ಮತ್ತೆ ತೋರಿಸಿ’ ಅಂತ ಬರೆದಿದ್ದರು. ಆಗ ನಾವು ತೂಕ, ಕಾಮಾಲೆ ಅಂತ ಓಡಾಡುತ್ತಿದ್ದೆವು. ಆ ಒಂದು ಸಾಲನ್ನು ಯಾರೂ ಓದಲೇ ಇಲ್ಲ. ಮೊನ್ನೆ ಶೀತ ಅಂತ ತೋರಿಸಲು ಹೋದಾಗ ಡಾಕ್ಟರು ಡೈಪರ್ ಬಿಚ್ಚಿಸಿ ನೋಡಿ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಬೈದರು. ಮಕ್ಕಳ ಸರ್ಜನ್ ಹತ್ತಿರ ಹೋಗಿ ಅಂದರು.

ನಾನು ಆತುರಗಾರ. ಅವರು ಬರೆದುಕೊಡದಿದ್ದರೂ ದಾರಿಯಲ್ಲೇ ಇದ್ದ ಸ್ಕ್ಯಾನಿಂಗ್ ಸೆಂಟರಿಗೆ ನುಗ್ಗಿದೆ. ಬೀಜ ಚೀಲದಲ್ಲೂ ಇಲ್ಲ, ತೊಡೆಸಂದಿನಲ್ಲೂ ಕಾಣುತ್ತಿಲ್ಲ ಅಂತ ರಿಪೋರ್ಟ್ ಬಂತು. ಅವತ್ತಿನಿಂದ ನನ್ನ ಹೆಂಡತಿ ಸರಿಯಾಗಿ ಊಟ ಮಾಡಿಲ್ಲ. ಅಮ್ಮ ಮಾತ್ರ ‘ನಿನ್ನ ದೊಡ್ಡಪ್ಪನ ಮಗನಿಗೂ ಹಿಂಗೇ ಇತ್ತು, ಮೂರು ವರ್ಷಕ್ಕೆ ತಾನಾಗೇ ಇಳೀತು, ಕೂಸಿಗೆ ಕತ್ತರಿ ಹಾಕಿಸಬೇಡ’ ಅಂತಿದ್ದಾರೆ.

ಗುರುವಾರ ಮೈಸೂರಿನಲ್ಲಿ ಸರ್ಜನ್ ನೋಡ್ತಾರೆ. ಸ್ಕ್ಯಾನಲ್ಲೇ ಕಾಣದ್ದನ್ನು ಅವರು ಹೇಗೆ ಹುಡುಕ್ತಾರೆ? ಕಾಯಬಹುದಾ? ಅನುಭವ ಇದ್ದವರು ಹೇಳಿ.

ಮಲ್ಲಿಗೆ_ಮೈಸೂರು
ಹೆದರಬೇಡಿ ಸರ್. ನಮ್ಮ ಮಗನಿಗೆ 14 ತಿಂಗಳಿಗೆ ಆಯಿತು. ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಮನೆಗೆ ಬಂದೆವು. ಮಾರನೇ ದಿನ ಅವನು ಸೋಫಾ ಹತ್ತಲು ಹೋಗಿದ್ದ, ನಾವೇ ಹಿಡಿದುಕೊಂಡು ಕೂತಿದ್ದೆವು. ಅತ್ತಿದ್ದು ಜಾಸ್ತಿ ನಾನು.

ಬಯಲುಸೀಮೆ_ಬಸಣ್ಣ
ನಿಮ್ಮ ತಾಯಿ ಹೇಳಿದ್ದೇ ಸರಿ. ನಮ್ಮ ಕಾಲದಲ್ಲಿ ಯಾರು ಡೈಪರ್ ಬಿಚ್ಚಿ ನೋಡುತ್ತಿದ್ದರು? ಎಲ್ಲರೂ ಮದುವೆಯಾಗಿ ಮಕ್ಕಳು ಮರಿ ಮಾಡಿಕೊಂಡಿಲ್ಲವೇ? ಈಗಿನ ಆಸ್ಪತ್ರೆಗಳು ಬಿಲ್ಲಿಗಾಗಿ ಕತ್ತಿ ಹಿಡಿದೇ ಕೂತಿರುತ್ತವೆ. ಎಣ್ಣೆ ನೀವಿ, ಬಿಸಿನೀರು ಹಾಕಿ, ಮೂರು ವರ್ಷ ನೋಡಿ.

ನೀಲಿ_ಗೌನು
ಎಣ್ಣೆ ನೀವುವುದರಿಂದ ಬೀಜ ಇಳಿಯುವುದಿಲ್ಲ ಬಸಣ್ಣನವರೇ. ಜೋರಾಗಿ ಒತ್ತಿದರೆ ಮಗುವಿಗೆ ನೋವು, ಅಷ್ಟೇ.

ನಾನು ಮಕ್ಕಳ ಸರ್ಜರಿ ವಿಭಾಗದಲ್ಲಿ ಕೆಲಸ ಮಾಡುವವನು. ಈ ಮಗುವನ್ನು ನೋಡಿಲ್ಲ, ಹಾಗಾಗಿ ತೀರ್ಮಾನ ಹೇಳುವುದಿಲ್ಲ. ಗುರುವಾರ ಆ ಕೋಣೆಯಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಹೇಳಬಲ್ಲೆ.

ಮೊದಲು ಪ್ರಶ್ನೆಗಳು. ಎಷ್ಟು ವಾರಕ್ಕೆ ಹುಟ್ಟಿದ? ಯಾವತ್ತಾದರೂ ಸ್ನಾನ ಮಾಡಿಸುವಾಗ ಎರಡೂ ಕಂಡಿದ್ದವೇ? ಅತ್ತಾಗ ತೊಡೆಸಂದಿನಲ್ಲಿ ಉಬ್ಬು ಬರುತ್ತದೆಯೇ? ಉಬ್ಬು ಬಂದರೆ ಹರ್ನಿಯಾನೂ ಜೊತೆಗಿದೆ ಅಂತ. ಮನೆತನದಲ್ಲಿ ಯಾರಿಗಾದರೂ ಇತ್ತೇ?

ಆಮೇಲೆ ಮುಟ್ಟದೆ ನೋಡುತ್ತಾರೆ. ಚೀಲ ಎರಡೂ ಕಡೆ ಸಮವಾಗಿ ಬೆಳೆದಿದೆಯೇ, ಒಂದು ಕಡೆ ಚಪ್ಪಟೆ ಇದೆಯೇ, ಮೂತ್ರದ ರಂಧ್ರ ಸರಿಯಾದ ಜಾಗದಲ್ಲಿದೆಯೇ. ನಂತರ ಕೈ. ಕೈ ಬೆಚ್ಚಗಿರಬೇಕು. ತಣ್ಣನೆಯ ಕೈ ತಾಗಿದರೆ ಸ್ನಾಯು ಸೆಳೆದು ಇದ್ದ ಬೀಜವೂ ಮೇಲೆ ಓಡುತ್ತದೆ. ಒಂದು ಕೈಯನ್ನು ಸೊಂಟದ ಮೂಳೆಯಿಂದ ಕೆಳಕ್ಕೆ ತೊಡೆಸಂದಿನುದ್ದಕ್ಕೂ ಜಾರಿಸುತ್ತಾ ಬರುತ್ತೇವೆ, ಇನ್ನೊಂದು ಕೈ ಚೀಲದ ಹತ್ತಿರ ಕಾಯುತ್ತಿರುತ್ತದೆ. ಬೆರಳಿಗೆ ಸೋಪುನೀರು ಅಥವಾ ಜೆಲ್ಲಿ ಹಚ್ಚಿಕೊಂಡರೆ ಬಟಾಣಿ ಕಾಳಿನಂಥದ್ದು ಜಾರಿದ್ದು ತಿಳಿಯುತ್ತದೆ. ಸ್ವಲ್ಪ ದೊಡ್ಡ ಮಕ್ಕಳಾದರೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಕುಕ್ಕರಗಾಲಲ್ಲಿ ಕೂರಿಸಿಯೂ ನೋಡುತ್ತೇವೆ.

ಹತ್ತು ಮಕ್ಕಳಲ್ಲಿ ಸುಮಾರು ಎಂಟು ಜನರಲ್ಲಿ ಕೈಗೇ ಸಿಗುತ್ತದೆ. ಸಿಕ್ಕಿದ್ದನ್ನು ಚೀಲಕ್ಕೆ ಎಳೆದು ಬಿಟ್ಟಾಗ ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಅದು ಓಡಾಡುವ ಬೀಜ, ಆಪರೇಷನ್ ಬೇಡ, ವರ್ಷಕ್ಕೊಮ್ಮೆ ನೋಡಿದರೆ ಸಾಕು. ಬರುವುದೇ ಇಲ್ಲ, ಅಥವಾ ಬಂದರೂ ಬಿಟ್ಟ ಕೂಡಲೇ ರಬ್ಬರಿನಂತೆ ಮೇಲೆ ಹೋಗುತ್ತದೆ ಅಂದರೆ ಅದು ನಿಜವಾಗಿ ಇಳಿಯದ್ದು. ಅದಕ್ಕೆ ಆಪರೇಷನ್.

ಕೈಗೆ ಸಿಗದೇ ಹೋದರೆ? ಆಪರೇಷನ್ ದಿನ ಅರಿವಳಿಕೆ ಕೊಟ್ಟ ಮೇಲೆ ಮತ್ತೊಮ್ಮೆ ಮುಟ್ಟಿ ನೋಡುತ್ತೇವೆ. ಸ್ನಾಯು ಸಡಿಲ ಆಗಿರುತ್ತದೆ, ಮಗು ಅಳುವುದಿಲ್ಲ, ಎಷ್ಟೋ ಸಲ ಆಗ ಸಿಗುತ್ತದೆ. ಆಗಲೂ ಸಿಗದಿದ್ದರೆ ಹೊಕ್ಕುಳಿನ ಹತ್ತಿರದಿಂದ ಕ್ಯಾಮೆರಾ.

ಕಾಯುವ ಬಗ್ಗೆ: ತಾನಾಗಿ ಇಳಿಯುವವು ಹೆಚ್ಚಿನವು ಮೊದಲ ಮೂರು ತಿಂಗಳಲ್ಲಿ, ಉಳಿದವು ಆರರೊಳಗೆ ಇಳಿಯುತ್ತವೆ. ಅವಧಿಗೆ ಮುಂಚೆ ಹುಟ್ಟಿದ್ದರೆ ಆ ವಾರಗಳನ್ನು ಕಳೆದು ಲೆಕ್ಕ ಹಾಕಬೇಕು. ನಿಮ್ಮ ಮಗನಿಗೆ ಹಾಗೆ ಲೆಕ್ಕ ಹಾಕಿದರೂ ಸುಮಾರು 10 ತಿಂಗಳು. ಆರು ತಿಂಗಳಿಗೆ ಸರ್ಜನ್‌ಗೆ ತೋರಿಸಿ 18 ತಿಂಗಳೊಳಗೆ ಮುಗಿಸಿ ಅಂತ ಅಮೆರಿಕದ ಯುರಾಲಜಿ ಸಂಘದ 2014ರ ಮಾರ್ಗಸೂಚಿ ಹೇಳುತ್ತದೆ. ಇಲ್ಲೂ ಹೆಚ್ಚುಕಮ್ಮಿ ಅದನ್ನೇ ಅನುಸರಿಸುತ್ತೇವೆ. ನಿಮಗೆ ಸಮಯ ಮೀರಿಲ್ಲ.

ಬಯಲುಸೀಮೆ_ಬಸಣ್ಣ
ಅಮೆರಿಕದವರು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. 18 ತಿಂಗಳು ಯಾಕೆ, 3 ವರ್ಷ ಯಾಕಲ್ಲ? ಕಾರಣ ಹೇಳಿ.

ನೀಲಿ_ಗೌನು
ನ್ಯಾಯವಾದ ಪ್ರಶ್ನೆ. ಚೀಲದ ಒಳಗೆ ಮೈಯ ಶಾಖಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ. ಬೀಜಕ್ಕೆ ಆ ತಂಪು ಬೇಕು. ಮೇಲೇ ಉಳಿದರೆ, ಮುಂದೆ ವೀರ್ಯಾಣು ಆಗಬೇಕಾದ ಮೂಲಕೋಶಗಳು ಒಂದು ವರ್ಷದ ಆಸುಪಾಸಿನಿಂದಲೇ ಕಡಿಮೆಯಾಗುತ್ತಾ ಹೋಗುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮಗು ಆಡುತ್ತದೆ, ಉಣ್ಣುತ್ತದೆ. ಅದಕ್ಕೇ ಜನ ಮುಂದೂಡುತ್ತಾರೆ.

ಇನ್ನೊಂದು, ಕ್ಯಾನ್ಸರ್. ಸ್ವೀಡನ್ನಿನಲ್ಲಿ ಈ ಆಪರೇಷನ್ ಆದ ಸುಮಾರು 17,000 ಗಂಡಸರ ದಾಖಲೆ ನೋಡಿ 2007ರಲ್ಲಿ ಪ್ರಕಟಿಸಿದರು. 13 ವರ್ಷಕ್ಕೆ ಮುಂಚೆ ಮಾಡಿಸಿಕೊಂಡವರಲ್ಲಿ ವೃಷಣದ ಕ್ಯಾನ್ಸರ್ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟು ಚಿಲ್ಲರೆ, ಆಮೇಲೆ ಮಾಡಿಸಿಕೊಂಡವರಲ್ಲಿ ಐದು ಪಟ್ಟಿಗಿಂತ ಜಾಸ್ತಿ. ಮೂಲದಲ್ಲೇ ಇದು ಅಪರೂಪದ ಕ್ಯಾನ್ಸರ್, ಹಾಗಾಗಿ ಪಟ್ಟು ಅಂದ ಕೂಡಲೇ ಬೆಚ್ಚಿಬೀಳಬೇಡಿ.

ತುಮಕೂರು_ಟೀಚರ್
ದೊಡ್ಡಪ್ಪನ ಮಗನ ಕಥೆ ಬಹುಶಃ ಈ ಓಡಾಡುವ ಬೀಜದ್ದೇ ಇರಬೇಕು! ನಮ್ಮ ಎರಡನೆಯವನಿಗೆ ಹಾಗೇ. ನಾಲ್ಕು ವರ್ಷದವನಿದ್ದಾಗ ಡಾಕ್ಟರ ಮೇಜಿನ ಮೇಲೆ ಮಲಗಿಸಿದರೆ ಎರಡೂ ಮಾಯ. ಬಿಸಿನೀರಿನ ಬಕೆಟ್ಟಿನಲ್ಲಿ ಕೂರಿಸಿದರೆ ಎರಡೂ ಹಾಜರ್. ಒಬ್ಬ ಡಾಕ್ಟರು ಆಪರೇಷನ್ ಅಂದರು, ಇನ್ನೊಬ್ಬರು ಬೇಡ ಅಂದರು. ಕೊನೆಗೆ ಒಬ್ಬ ಹಿರಿಯ ಸರ್ಜನ್ ಅವನನ್ನು ನೆಲದ ಮೇಲೆ ಕೂರಿಸಿ, ಕೈಗೆ ಒಂದು ಕಾರು ಕೊಟ್ಟು, ಮಾತಾಡಿಸುತ್ತಾ ಮಾಡಿಸುತ್ತಾ ನೋಡಿ ‘ಏನೂ ಇಲ್ಲ ಹೋಗಿ’ ಅಂದರು. ಆದರೂ ಪ್ರತಿ ಹುಟ್ಟುಹಬ್ಬದ ತಿಂಗಳು ತೋರಿಸುತ್ತೇವೆ. ಕೆಲವು ಹೀಗೆ ಓಡಾಡುತ್ತಾ ಮೇಲೇ ನಿಂತುಬಿಡುತ್ತವಂತೆ.

ಸ್ಕ್ಯಾನ್_ರೂಮಿನಿಂದ
ಎಲ್ಲರೂ ಸ್ಕ್ಯಾನಿಂಗ್ ಸೆಂಟರಿಗೆ ಬೈಯುವ ಮೊದಲು ನಮ್ಮ ಕಡೆಯದ್ದೂ ಕೇಳಿ. 11 ತಿಂಗಳ ಮಗು ಒಂದು ನಿಮಿಷ ಸುಮ್ಮನಿರುವುದಿಲ್ಲ. ಕರುಳಿನ ಗಾಳಿ ಅಡ್ಡ ಬರುತ್ತದೆ. ನಮಗೆ ಕಂಡಿಲ್ಲ ಅಂದರೆ ಕಂಡಿಲ್ಲ ಅಂತಲೇ ಬರೆಯುತ್ತೇವೆ. ಬೀಜವೇ ಇಲ್ಲ ಅಂತ ಬರೆದಿಲ್ಲವಲ್ಲ? ಬರೆದುಕೊಟ್ಟ ಚೀಟಿ ಇಲ್ಲದೆ ಬಂದು ಸ್ಕ್ಯಾನ್ ಮಾಡಿ ಅಂತ ಕೂತವರು ಯಾರು?

ಹಾಸನದ_ಅಪ್ಪ
ನಾನೇ 🙏 ತಪ್ಪಾಯಿತು.

ನೀಲಿ_ಗೌನು
ಸ್ಕ್ಯಾನ್ ರೂಮಿನವರ ಮಾತು ಸರಿ. ಕೈಗೆ ಸಿಗದ ಬೀಜವನ್ನು ಅಲ್ಟ್ರಾಸೌಂಡ್ ಹುಡುಕಿಕೊಡುವುದು ಸುಮಾರು 45% ಸಲ ಮಾತ್ರ ಅಂತ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ. ಅಂದರೆ ಕಂಡಿಲ್ಲ ಅಂತ ಬಂದರೆ ಇಲ್ಲ ಅಂತ ಅರ್ಥ ಅಲ್ಲ. ಕಂಡಿತು ಅಂತ ಬಂದರೂ ಆಪರೇಷನ್ ತಪ್ಪುವುದಿಲ್ಲ. ಎರಡರಲ್ಲೂ ಮುಂದಿನ ಹೆಜ್ಜೆ ಅದೇ. ಅದಕ್ಕೇ ಸರ್ಜನ್‌ಗೆ ತೋರಿಸುವ ಮುಂಚೆ ಸ್ಕ್ಯಾನ್ ಮಾಡಿಸುವುದು ಬೇಡ ಅಂತ ಅದೇ ಮಾರ್ಗಸೂಚಿ ಹೇಳುವುದು.

ಬರ್ಮಿಂಗ್‌ಹ್ಯಾಮ್_ಕನ್ನಡತಿ
ಇಲ್ಲಿ ಇಂಗ್ಲೆಂಡಿನಲ್ಲಿ ಮಗು ಹುಟ್ಟಿದ 72 ಗಂಟೆಯೊಳಗೆ ಒಂದು ಸಲ, 6ರಿಂದ 8 ವಾರಕ್ಕೆ ಇನ್ನೊಂದು ಸಲ ನೋಡ್ತಾರೆ. ಕಣ್ಣು, ಹೃದಯ, ಸೊಂಟ, ಗಂಡುಮಗುವಾದರೆ ಬೀಜ. ನಮ್ಮವನದು ಹಾಗೇ ಗೊತ್ತಾಗಿದ್ದು. ಗೊತ್ತಾಗಿದ್ದೇನೋ ಬೇಗ, ಆಪರೇಷನ್ ಸರದಿ ಬರುವ ಹೊತ್ತಿಗೆ ಅವನಿಗೆ 20 ತಿಂಗಳು! ಊರಿನಲ್ಲಿ ಉಲ್ಟಾ ಅಲ್ವಾ, ಮುಂದಿನ ವಾರವೇ ಡೇಟ್ ಕೊಡ್ತಾರೆ, ಆದರೆ ಗೊತ್ತಾಗುವುದೇ ಲೇಟು. ಅಮ್ಮ ಫೋನಲ್ಲಿ ‘ಅಲ್ಲಿಯವರು ಫ್ರೀ ಅಂತ ಕಾಯಿಸ್ತಾರೆ, ಇಲ್ಲಿಗೆ ಕರ್ಕೊಂಡು ಬಾ’ ಅಂತ ದಿನಾ ಜಗಳ.

ಹೆಸರು_ಬೇಡ
ಇಲ್ಲಿ ಯಾರೂ ದೊಡ್ಡವರು ಮಾತಾಡಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ನನಗೆ 34. ಬಲಗಡೆಯದ್ದು ಇಳಿದಿರಲಿಲ್ಲ. ಮನೆಯಲ್ಲಿ ಗೊತ್ತಿತ್ತು, ಹೇಳಲು ನಾಚಿಕೆ. ಹೈಸ್ಕೂಲಿನಲ್ಲಿ ಕಬಡ್ಡಿ ಆಡುವಾಗ ತೊಡೆಸಂದಿಗೆ ಏಟು ಬಿದ್ದು ಕಣ್ಣುಕತ್ತಲೆ ಬಂತು. ಅದು ಬೀಜಕ್ಕೆ ಬಿದ್ದ ಏಟು ಅಂತ ನನಗೆ ತಿಳಿದದ್ದು 26ನೇ ವಯಸ್ಸಿಗೆ, ಹರ್ನಿಯಾ ಅಂತ ಆಪರೇಷನ್‌ಗೆ ಹೋದಾಗ. ಬೀಜ ಸಣ್ಣಗಾಗಿ ಕೆಲಸಕ್ಕೆ ಬಾರದಂತಾಗಿತ್ತು, ತೆಗೆದರು.

ಮದುವೆಗೆ ಮುಂಚೆ ಹುಡುಗಿಗೆ ನಾನೇ ಹೇಳಿದೆ. ಅವಳು ಡಾಕ್ಟರನ್ನು ಕೇಳೋಣ ಅಂದಳು. ಒಂದು ಕಡೆಯದ್ದು ಮಾತ್ರ ತೊಂದರೆ ಇದ್ದವರಲ್ಲಿ ಸುಮಾರು 90% ಜನ ತಂದೆಯಾಗಿದ್ದಾರೆ, ಎರಡೂ ಕಡೆ ಇದ್ದವರಲ್ಲಿ 65% ಅಂತ ಅವರು ಹೇಳಿದರು. ಈಗ ಮಗಳು ಎಲ್‌ಕೆಜಿ. ಹಾಗಾಗಿ ಬಸಣ್ಣನವರು ಹೇಳಿದ ‘ಮಕ್ಕಳು ಮರಿ ಮಾಡಿಕೊಂಡಿಲ್ಲವೇ’ ಪಟ್ಟಿಯಲ್ಲಿ ನಾನೂ ಇದ್ದೇನೆ. ಆದರೆ ಹನ್ನೆರಡು ವರ್ಷ ಹಾಸ್ಟೆಲ್ಲಿನಲ್ಲಿ ಬಾಗಿಲು ಹಾಕಿಕೊಂಡೇ ಸ್ನಾನ ಮಾಡಿದ್ದು ಆ ಪಟ್ಟಿಯಲ್ಲಿ ಬರುವುದಿಲ್ಲ.

ಮಲ್ಲಿಗೆ_ಮೈಸೂರು
ಅಣ್ಣಾ, ಇದನ್ನು ಬರೆದಿದ್ದಕ್ಕೆ ದೊಡ್ಡ ಥ್ಯಾಂಕ್ಸ್.

ಬಯಲುಸೀಮೆ_ಬಸಣ್ಣ
ನಾನು ಯಾರನ್ನೂ ನೋಯಿಸಲು ಬರೆದದ್ದಲ್ಲ. ಆದರೆ ಬಿಲ್ಲಿನ ವಿಷಯದಲ್ಲಿ ನನ್ನ ಮಾತು ಮಾತೇ.

ಕೋಳಿಫಾರಂ_ಕಿಟ್ಟಿ
ಒಂದು ಅನುಮಾನ. ಚೀಲದ ತಂಪು ಬೇಕೇ ಬೇಕು ಅನ್ನುವುದಾದರೆ ಹುಂಜದ ಬೀಜ ಹೊಟ್ಟೆಯೊಳಗೇ ಬೆನ್ನಿಗೆ ಅಂಟಿಕೊಂಡಿರುತ್ತಲ್ಲ? ಕೊಯ್ದು ಕ್ಲೀನ್ ಮಾಡಿದವರಿಗೆಲ್ಲ ಗೊತ್ತು. ಕೋಳಿಯ ಮೈಯ ಶಾಖ ನಮಗಿಂತ ಜಾಸ್ತಿ ಬೇರೆ.

ಕೊಡಗಿನ_ಕಾಡು
ಕೋಳಿ ಬಿಡಿ, ಆನೆ? ದಸರಾದಲ್ಲಿ ಅಂಬಾರಿ ಹೊರುವಷ್ಟು ದೊಡ್ಡ ಗಂಡಾನೆ, ಹಿಂದಿನಿಂದ ನೋಡಿದರೆ ಚೀಲವೇ ಇಲ್ಲ. ಬೀಜ ಹೊಟ್ಟೆಯೊಳಗೆ ಮೂತ್ರಪಿಂಡದ ಹತ್ತಿರ ಇರುತ್ತದೆ. ಜೀವನಪೂರ್ತಿ ಅಲ್ಲೇ. ಮದ ಬರುತ್ತೆ, ಮರಿ ಹುಟ್ಟುತ್ತೆ, ಎಲ್ಲ ಸರಿ.

ಕೋಳಿಫಾರಂ_ಕಿಟ್ಟಿ
ಹಾಗಾದರೆ ಆನೆಗೆ ಆಪರೇಷನ್ ಮಾಡುವ ಸರ್ಜನ್ ಪುಣ್ಯವಂತ, ರಜೆ 😄

ನೀಲಿ_ಗೌನು
ಅವುಗಳ ಬೀಜ ಒಳಗಿನ ಶಾಖಕ್ಕೇ ಒಗ್ಗಿಕೊಂಡಿದೆ, ನಮ್ಮದು ಒಗ್ಗಿಲ್ಲ. ಮಜಾ ಏನೆಂದರೆ ನಾವೂ ಹುಟ್ಟುವ ಮುಂಚೆ ಆನೆಯ ಹಾಗೇ. ಗರ್ಭದಲ್ಲಿ ಬೀಜ ಮೂಡುವುದು ಮೂತ್ರಪಿಂಡದ ಹತ್ತಿರವೇ. ಅಲ್ಲಿಂದ ಕೆಳಗೆ ಬಂದು, ಏಳು ಎಂಟನೇ ತಿಂಗಳಲ್ಲಿ ತೊಡೆಸಂದು ದಾಟಿ ಚೀಲಕ್ಕೆ ಇಳಿಯುತ್ತದೆ. ಅದಕ್ಕೇ ಬೇಗ ಹುಟ್ಟಿದ ಮಕ್ಕಳಲ್ಲಿ ಇದು ಜಾಸ್ತಿ. ಪೂರ್ತಿ ತಿಂಗಳು ತುಂಬಿದವರಲ್ಲಿ ನೂರಕ್ಕೆ ಎರಡೋ ನಾಲ್ಕೋ, ಬೇಗ ಹುಟ್ಟಿದವರಲ್ಲಿ 30ರವರೆಗೂ ಹೋಗುತ್ತದೆ. ದಾರಿ ತೋರಿಸಲು ಒಂದು ನಾರಿನ ಹಗ್ಗದಂಥದ್ದು ಇರುತ್ತದೆ. 18ನೇ ಶತಮಾನದಲ್ಲಿ ಜಾನ್ ಹಂಟರ್ ಅನ್ನುವ ಸ್ಕಾಟ್ಲೆಂಡಿನ ಸರ್ಜನ್ ಅದಕ್ಕೆ ಗುಬರ್ನಾಕುಲಂ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಚುಕ್ಕಾಣಿ ಅಂತ.

ಶಿವಮೊಗ್ಗದ_ಅಮ್ಮ
ವಿಷಯಕ್ಕೆ ಬರೋಣ. ಎಲ್ಲರಿಗೂ ಕೈಗೆ ಸಿಗುತ್ತೆ ಅಂದುಕೊಂಡು ಹೋಗಬೇಡಿ. ನಮ್ಮ ಮಗನಿಗೆ ಸಿಗಲಿಲ್ಲ. ಸರ್ಜನ್ ಬಲಗಡೆ ಬೀಜವನ್ನು ಅಳತೆ ಮಾಡಿ, ವಯಸ್ಸಿಗಿಂತ ಸ್ವಲ್ಪ ದೊಡ್ಡದಿದೆ ಅಂದರು. ಒಳ್ಳೆಯದೇ ಅಲ್ವಾ ಅಂತ ನಾನು ನಕ್ಕೆ. ಅವರು ನಗಲಿಲ್ಲ. ಒಂದು ಇಲ್ಲದಿದ್ದಾಗ ಇನ್ನೊಂದು ಹೀಗೆ ದೊಡ್ಡದಾಗುವುದುಂಟು, ಆದರೆ ಇದನ್ನೇ ನಂಬಿ ಬಿಡುವಂತಿಲ್ಲ, ಒಳಗೆ ನೋಡಲೇಬೇಕು ಅಂದರು.

ಕ್ಯಾಮೆರಾ ಹಾಕಿದರು. ರಕ್ತನಾಳ ಹೊಟ್ಟೆಯೊಳಗೇ ಹೋಗಿ ಮೊಂಡಾಗಿ ನಿಂತಿತ್ತಂತೆ. ಮಗು ಇನ್ನೂ ನನ್ನ ಹೊಟ್ಟೆಯಲ್ಲಿದ್ದಾಗಲೇ ಬೀಜ ತಿರುಚಿಕೊಂಡು, ರಕ್ತ ಹೋಗದೆ ಕರಗಿಹೋಗಿರಬೇಕು ಅಂದರು. ಹತ್ತೇ ನಿಮಿಷದಲ್ಲಿ ಮುಗಿಯಿತು. ಒಂದು ವಾರ ಅತ್ತೆ. ನಾನು ಬಸುರಿ ಇದ್ದಾಗ ಏನು ತಪ್ಪು ಮಾಡಿದೆ, ಬಸ್ಸಿನಲ್ಲಿ ಓಡಾಡಿದ್ದಕ್ಕಾ, ಪಪ್ಪಾಯಿ ತಿಂದಿದ್ದಕ್ಕಾ ಅಂತ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಆ ಸರ್ಜನ್ ಮೂರು ಸಲ ಹೇಳಿದರು. ಈಗ ಅವನಿಗೆ ಏಳು. ಕ್ರಿಕೆಟ್ ಆಡುವಾಗ ಗಾರ್ಡ್ ಹಾಕಲೇಬೇಕು ಅನ್ನುವುದೊಂದೇ ನಮ್ಮ ಮನೆಯ ಕಾನೂನು.

ತುಮಕೂರು_ಟೀಚರ್
ಹೊಟ್ಟೆಯೊಳಗೇ ಬೀಜ ಸಿಕ್ಕರೆ ಏನು ಮಾಡ್ತಾರೆ?

ನೀಲಿ_ಗೌನು
ಬೀಜದ ರಕ್ತನಾಳ ಉದ್ದವಿದ್ದರೆ ಅದೇ ದಿನ ಕೆಳಗೆ ತರುತ್ತೇವೆ. ಗಿಡ್ಡ ಇದ್ದರೆ ಎರಡು ಕಂತು. ಮೊದಲು ಮುಖ್ಯ ನಾಳ ಕಟ್ಟಿ ಬಿಡುವುದು, ಪಕ್ಕದ ಸಣ್ಣ ನಾಳಗಳು ಬಲಿಯಲು ಸುಮಾರು ಆರು ತಿಂಗಳು ಕೊಡುವುದು, ಆಮೇಲೆ ಇಳಿಸುವುದು. ನಾಳ ತೊಡೆಸಂದಿನ ಕಡೆ ಹೋಗಿದ್ದರೆ ಅಲ್ಲಿ ತೆರೆದು ನೋಡುತ್ತೇವೆ.

ಇನ್ನೊಂದು ಮಾತು, ಇದು ಬೇರೆ ಓದುಗರಿಗೆ. ಹುಟ್ಟಿದ ಮಗುವಿಗೆ ಎರಡೂ ಕಡೆ ಕೈಗೆ ಸಿಗದಿದ್ದರೆ ಆರು ತಿಂಗಳು ಕಾಯುವ ಮಾತೇ ಇಲ್ಲ. ಹಾರ್ಮೋನು, ಕ್ರೋಮೋಸೋಮು ಪರೀಕ್ಷೆ ಆಗಲೇ ಆಗಬೇಕು. ಕೆಲವು ಸಲ ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆಯಿಂದ ಹೊರಗೆ ಗಂಡಿನಂತೆ ಕಾಣುವ ಹೆಣ್ಣುಮಗು ಆಗಿರುತ್ತದೆ. ಒಂದೆರಡು ವಾರದಲ್ಲಿ ಮೈಯ ಉಪ್ಪಿನಂಶ ಕುಸಿದು ಜೀವಕ್ಕೇ ಅಪಾಯ.

ದಾವಣಗೆರೆ_ದೋಸೆ
ನಮ್ಮ ಅಣ್ಣನ ಮಗನಿಗೆ ಒಬ್ಬರು ಹಾರ್ಮೋನ್ ಇಂಜೆಕ್ಷನ್ ಕೊಟ್ಟಿದ್ದರು, ಆಪರೇಷನ್ ಬೇಡ ಅಂತ. ಅದು ಆಗುತ್ತಾ?

ನೀಲಿ_ಗೌನು
ಹಿಂದೆ ಕೊಡುತ್ತಿದ್ದರು. ಇಳಿಯುವುದು ಕಡಿಮೆ, ಇಳಿದದ್ದೂ ಮತ್ತೆ ಮೇಲೆ ಹೋಗುತ್ತದೆ. ಈಗ ಶಿಫಾರಸು ಇಲ್ಲ. ಆ ಮಗುವನ್ನು ಮತ್ತೆ ತೋರಿಸಿ.

ಹಾಸನದ_ಅಪ್ಪ
ಒಂದೇ ಭಯ ಉಳಿದಿದೆ. ಅರಿವಳಿಕೆ. ಇಷ್ಟು ಸಣ್ಣ ಕೂಸಿಗೆ ಕೊಟ್ಟರೆ ಬುದ್ಧಿ ಮಂದ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳಿದರು.

ಮತ್ತು_ಮಾತ್ರೆ
ನಾನು ಅರಿವಳಿಕೆ ವಿಭಾಗದವಳು. ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಏಳು ದೇಶಗಳಲ್ಲಿ 722 ಎಳೆಗೂಸುಗಳಿಗೆ ಹರ್ನಿಯಾ ಆಪರೇಷನ್ ಮಾಡುವಾಗ, ಅರ್ಧ ಮಕ್ಕಳಿಗೆ ಪೂರ್ತಿ ಅರಿವಳಿಕೆ, ಅರ್ಧಕ್ಕೆ ಎಚ್ಚರ ಇರುವಂತೆ ಬೆನ್ನಿನ ಇಂಜೆಕ್ಷನ್ ಕೊಟ್ಟರು. ಐದು ವರ್ಷಕ್ಕೆ ಬುದ್ಧಿಪರೀಕ್ಷೆ ಮಾಡಿದರೆ ವ್ಯತ್ಯಾಸ ಕಾಣಲಿಲ್ಲ. ಒಂದು ಗಂಟೆಯೊಳಗಿನ ಅರಿವಳಿಕೆಯ ಮಾತು ಇದು. ಬೀಜ ಇಳಿಸುವ ಸಾಮಾನ್ಯ ಆಪರೇಷನ್ನೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಿನದು.

ನೀವು ನಿಜವಾಗಿ ಹೆದರಬೇಕಾದ್ದು ಹೊಟ್ಟೆ ತುಂಬಿರುವುದಕ್ಕೆ. ಎದೆಹಾಲಾದರೆ 4 ಗಂಟೆ, ಗಂಜಿ, ಡಬ್ಬಿಹಾಲು 6 ಗಂಟೆ ಮುಂಚೆ ನಿಲ್ಲಿಸಬೇಕು. ನೀರು 2 ಗಂಟೆ ಮುಂಚಿನವರೆಗೂ ಪರವಾಗಿಲ್ಲ, ಆದರೆ ನಿಮ್ಮ ಆಸ್ಪತ್ರೆ ಹೇಳಿದ್ದೇ ಕೊನೆ ಮಾತು. ಅಜ್ಜಿಯಂದಿರು ‘ಪಾಪ ಹಸಿದಿದೆ’ ಅಂತ ಕದ್ದು ಬಿಸ್ಕತ್ತು ತಿನ್ನಿಸಿ ಆಪರೇಷನ್ ರದ್ದಾದದ್ದು ಎಷ್ಟೋ ಸಲ ನೋಡಿದ್ದೇನೆ. ಕೆಮ್ಮು, ಶೀತ ಇದ್ದರೆ ಮುಚ್ಚಿಡಬೇಡಿ, ಡೇಟ್ ಮುಂದೆ ಹಾಕಿದರೆ ಬೇಜಾರಾಗಬೇಡಿ.

ಬಯಲುಸೀಮೆ_ಬಸಣ್ಣ
ಖರ್ಚಿನ ಬಗ್ಗೆ ಯಾರೂ ಮಾತಾಡಲ್ಲ ನೋಡಿ.

ಶಿವಮೊಗ್ಗದ_ಅಮ್ಮ
ಮಾತಾಡೋಣ. ನಾವು ಎರಡು ಖಾಸಗಿ ಆಸ್ಪತ್ರೆಯಲ್ಲಿ ಕೇಳಿದಾಗ ಒಂದು ಹೇಳಿದ್ದರ ದುಪ್ಪಟ್ಟು ಇನ್ನೊಂದು ಹೇಳಿತು. ಕೊನೆಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ಮಾಡಿಸಿದೆವು, ಅಲ್ಲಿ ಮಕ್ಕಳ ಸರ್ಜರಿಯೇ ಬೇರೆ ವಿಭಾಗ ಇದೆ. ಕ್ಯೂ ಉದ್ದ, ಆದರೆ ದಿನಾ ಇದೇ ಕೆಲಸ ಮಾಡುವ ಕೈಗಳು. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬರುತ್ತಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಅಡ್ಮಿಟ್ ಆದ ಮೇಲೆ ಕೇಳಿದರೆ ಕಷ್ಟ.

ಹಾಸನದ_ಅಪ್ಪ
ಗುರುವಾರ ಹೋಗಿ ಬಂದೆವು. ಎಲ್ಲರೂ ಕೇಳ್ತಾ ಇದ್ದೀರಿ, ಬರೆದುಬಿಡ್ತೇನೆ.

ಸರ್ಜನ್ ಹೆಂಗಸು. ಸ್ಕ್ಯಾನ್ ರಿಪೋರ್ಟ್ ಕೊಟ್ಟೆ, ನೋಡದೆ ಮೇಜಿನ ತುದಿಗೆ ಇಟ್ಟರು. ಮಗು ಅಳ್ತಾ ಇತ್ತು. ಮುಟ್ಟಿದರು, ಏನೂ ಸಿಗಲಿಲ್ಲ. ನನ್ನ ಎದೆ ಡವಡವ. ‘ಹೊರಗೆ ಹೋಗಿ ಹಾಲು ಕುಡಿಸಿ, ಅರ್ಧ ಗಂಟೆ ಬಿಟ್ಟು ಬನ್ನಿ’ ಅಂದರು. ನಿದ್ದೆಗಣ್ಣಿನಲ್ಲಿದ್ದಾಗ ವಾಪಸ್ ಹೋದೆವು. ಅವರು ಕೈಗಳನ್ನು ಬಿಸಿನೀರಿನಲ್ಲಿ ತೊಳೆದು, ಬೆರಳಿಗೆ ಸೋಪು ಹಚ್ಚಿಕೊಂಡು, ನೀಲಿ ಗೌನು ಸರ್ ಹೇಳಿದ ಹಾಗೇ ಮೇಲಿನಿಂದ ಜಾರಿಸುತ್ತಾ ಬಂದರು. ಒಂದು ಕಡೆ ನಿಂತರು. ನನ್ನ ಹೆಂಡತಿಯ ಬೆರಳು ಹಿಡಿದು ಅಲ್ಲಿಟ್ಟರು. ಅವಳಿಗೂ ಸಿಕ್ಕಿತು! ತೊಡೆಸಂದಿನಲ್ಲೇ ಇದೆ. ಚೀಲದ ಬಾಯಿವರೆಗೆ ಬರುತ್ತೆ, ಬಿಟ್ಟರೆ ಸರ್ರಂತ ಮೇಲೆ. ಜೊತೆಗೆ ಸಣ್ಣ ಹರ್ನಿಯಾ ಚೀಲವೂ ಇರಬಹುದು, ಅದನ್ನೂ ಅವತ್ತೇ ಕಟ್ಟುತ್ತೇನೆ ಅಂದರು. ತೊಡೆಸಂದಿನಲ್ಲಿ ಒಂದು ಗೀಟು, ಕೆಳಗೆ ಚೀಲದಲ್ಲಿ ಒಂದು ಸಣ್ಣ ಗೀಟು, ಚರ್ಮದ ಕೆಳಗೆ ಜೇಬಿನಂತೆ ಮಾಡಿ ಅಲ್ಲಿ ಕೂರಿಸುವುದಂತೆ. ಕರಗುವ ಹೊಲಿಗೆ.

ಅಮ್ಮನಿಗೆ ಫೋನ್ ಮಾಡಿ ಬೀಜ ಸಿಕ್ಕಿತು ಅಂದೆ. ‘ನಾನು ಹೇಳಿರಲಿಲ್ವಾ ಇದೆ ಅಂತ’ ಅಂದರು. ಆಪರೇಷನ್ ಬೇಕೇ ಬೇಕಾ ಅಂತ ಮತ್ತೆ ಶುರು. ಮುಂದಿನ ತಿಂಗಳು ಎರಡನೇ ವಾರ ಡೇಟ್ ಇದೆ, ಅಮ್ಮನನ್ನೂ ಕರೆದುಕೊಂಡು ಹೋಗ್ತೇನೆ. ಬಿಸ್ಕತ್ತು ಮಾತ್ರ ನನ್ನ ಜೇಬಿನಲ್ಲೇ ಇರುತ್ತೆ.

ಸ್ಕ್ಯಾನ್_ರೂಮಿನಿಂದ
ಕೈ ಗೆದ್ದಿತು, ಒಪ್ಪಿದೆ. ಮುಂದಿನ ಸಲ ಚೀಟಿ ತನ್ನಿ.

ಜಯನಗರ_ಜಾಣ
ನಮ್ಮವನಿಗೆ 6 ವರ್ಷ, ಇದನ್ನೆಲ್ಲ ಓದಿ ಇವತ್ತು ಸ್ನಾನಕ್ಕೆ ನಿಲ್ಲಿಸಿ ನೋಡಿದೆ, ಒಂದು ಸಿಗ್ತಿಲ್ಲ. ಹೋದ ವರ್ಷ ಎರಡೂ ಇದ್ದವು ಅಂತ ಗ್ಯಾರಂಟಿ. ಲೇಟ್ ಆಯ್ತಾ?

ನೀಲಿ_ಗೌನು
ಇದ್ದದ್ದು ಆಮೇಲೆ ಮೇಲೆ ಹೋಗುವುದೂ ಉಂಟು, ಬರೀ ಓಡಾಡುವ ಬೀಜವೂ ಇರಬಹುದು. ಬೆರಳಲ್ಲಿ ನೋಡದೆ ಹೇಳಲು ಬರುವುದಿಲ್ಲ. ಈ ವಾರ ತೋರಿಸಿ. ಏಕಾಏಕಿ ನೋವು, ಊತ, ವಾಂತಿ ಇದ್ದರೆ ಮಾತ್ರ ವಾರ ಕಾಯಬೇಡಿ, ಈಗಲೇ ಎಮರ್ಜೆನ್ಸಿಗೆ.

ಮಲ್ಲಿಗೆ_ಮೈಸೂರು
ಹಾಸನದ ಸರ್, ಡೈಪರ್ ಒಂದು ಸೈಜ್ ದೊಡ್ಡದು ತಗೊಳ್ಳಿ, ಗಾಯಕ್ಕೆ ಉಜ್ಜಲ್ಲ. ಆ ತಳ್ಳುವ ಕಾರು, ಕುದುರೆ ಏನಾದರೂ ಇದ್ದರೆ ಎರಡು ವಾರ ಅಟ್ಟಕ್ಕೆ ಹಾಕಿ. ನಾವು ಹಾಕಿರಲಿಲ್ಲ, ಮೂರನೇ ದಿನವೇ ಹತ್ತಿ ಕೂತಿದ್ದ.